ಹುಲಿಗೆ ಎಷ್ಟು ಕುರಿ? – ಬನಶಂಕರಿ ಜಾತ್ರೆಯ ಒಂದು ದಿನ

ಚೊಳಚಗುಡ್ಡ ಎಂದು ಹೇಳಿದರೆ ದಕ್ಷಿಣದ ಕಡೆಯವರು ಹುಬ್ಬು ಗಂಟಿಕ್ಕಿ ನೋಡುತ್ತಾರೆ. ಬನಶಂಕರಿ ಎಂದೊಡನೆ ಅವರ ಮುಖ ಅರಳುತ್ತದೆ. ಎರಡೂ ಒಂದೇ ನೆಲ. ಬಾದಾಮಿಯಿಂದ ಸುಮಾರು ಐದು ಕಿಲೋಮೀಟರು ದೂರದಲ್ಲಿ, ಮಲಪ್ರಭೆಯ ನೆರೆಯಲ್ಲಿರುವ ಊರು ಚೊಳಚಗುಡ್ಡ. ಅದರ ಎಲ್ಲೆಯಲ್ಲಿ, ತೆಂಗು ಬಾಳೆಗಳ ತಂಪಿನ ನಡುವೆ ನೆಲಸಿದವಳು ಬನಶಂಕರಿ. ಕೆಂಪು ಬಂಡೆಗಳ ಬಿಸಿಲನ್ನು ಕುಡಿದು ಬಂದ ಪ್ರಯಾಣಿಕನ ಕಣ್ಣಿಗೆ ಆ ಹಸುರು ಒಮ್ಮೆಲೇ ಎದುರಾದಾಗ, ಈ ತಾಯಿಗೆ ಬನದ ಹೆಸರು ಏಕೆ ಬಂತೆಂದು ಯಾರೂ ವಿವರಿಸಬೇಕಾಗಿಲ್ಲ.

ಕಳೆದ ಬನದ ಹುಣ್ಣಿಮೆಗೆ ನಾನು ಅಲ್ಲಿಗೆ ಹೋದದ್ದು ಭಕ್ತಿಯಿಂದ ಎಂದರೆ ಅರ್ಧ ಸತ್ಯವಾದೀತು. ಉಳಿದರ್ಧಕ್ಕೆ ಕಾರಣ ನನ್ನ ಅಕ್ಕನ ಮಗ. ಬೆಂಗಳೂರಿನ ಹುಡುಗ, ಹದಿನಾರು ವರ್ಷ. ಒಂದು ತಿಂಗಳಿನಿಂದ ಊಟಕ್ಕೆ ಕರೆದರೆ ಹಸಿವಿಲ್ಲವೆನ್ನುತ್ತಾನೆ, ಹೊರಗೆ ಹೋಗೆಂದರೆ ಕೋಣೆಯ ಬಾಗಿಲು ಹಾಕುತ್ತಾನೆ ಎಂದು ಅಕ್ಕ ದೂರವಾಣಿಯಲ್ಲಿ ಕಣ್ಣೀರಿಟ್ಟಳು. “ನೀನು ಹುಡುಗರಿಗೆ ಪಾಠ ಹೇಳುವವನು, ನಾಲ್ಕು ದಿನ ಇಟ್ಟುಕೊಂಡು ನೋಡು,” ಎಂದಳು. ಪಾಠ ಹೇಳುವವನಿಗೆ ಹುಡುಗರ ಮನಸ್ಸು ತಿಳಿದಿರುತ್ತದೆಯೆಂಬ ಭ್ರಮೆ ಅಕ್ಕಂದಿರಲ್ಲಿ ಇನ್ನೂ ಉಳಿದಿದೆ. ನಾನು ಅದನ್ನು ಕೆಡಿಸಲಿಲ್ಲ.

ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಹುಬ್ಬಳ್ಳಿಯನ್ನು ಬಿಟ್ಟು ಗದಗು ದಾಟುವವರೆಗೂ ಅವನು ಮಾತನಾಡಲಿಲ್ಲ. ಕಿಟಕಿಯ ಹೊರಗೆ ಕಪ್ಪು ಎರೆಯ ಹೊಲಗಳಲ್ಲಿ ಜೋಳ ತೆನೆಗಟ್ಟಿ ನಿಂತಿತ್ತು. ಆಗ ತಾನಾಗಿಯೇ ಕೇಳಿದ: “ಮಾಮಾ, ಒಬ್ಬ ರಾಕ್ಷಸನನ್ನು ಮನುಷ್ಯರ ಜತೆಗೆ ಸರಿಸಮನಾಗಿ ಹೇಗೆ ಇರಿಸುವುದು?”

ನಾನು ಬೆಚ್ಚಿದೆನೆಂದು ಬೇರೆ ಹೇಳಬೇಕೆ? ಆಮೇಲೆ ಕಥೆಯೆಲ್ಲ ಹೊರಬಂತು.

ಈ ಹುಡುಗರು ಆಡುವುದು ಚೆಂಡಿನ ಆಟವಲ್ಲ, ಇಸ್ಪೀಟೂ ಅಲ್ಲ. ಒಂದು ಮೇಜಿನ ಸುತ್ತ ಐದಾರು ಮಂದಿ ಕುಳಿತು ಬಾಯಲ್ಲೇ ಕಟ್ಟುವ ಒಂದು ನಾಟಕ. ಒಬ್ಬ ಭಾಗವತನಂತೆ ಕಥೆಯನ್ನು ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ವೀರ, ಒಬ್ಬಳು ಮಾಂತ್ರಿಕೆ, ಒಬ್ಬ ಕಳ್ಳ, ಒಬ್ಬ ವೈದ್ಯ. ಅನುಮಾನ ಬಂದಲ್ಲಿ ದಾಳ ಉರುಳಿಸಿ ತೀರ್ಮಾನ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಊರಿನಿಂದ ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಮೂರು ಸಣ್ಣ ಪುಸ್ತಿಕೆಗಳಾಗಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆಲ್ಲ ಮೂಲ. ನನ್ನ ಸೋದರಳಿಯ ತನ್ನ ಗೆಳೆಯರ ಗುಂಪಿಗೆ ಭಾಗವತ. ಪ್ರತಿ ಶನಿವಾರ ಸಂಜೆ ಅಕ್ಕನ ಮನೆಯ ಊಟದ ಮೇಜೇ ಅವರ ರಂಗಸ್ಥಳ.

ಬಾಲ್ಯದಿಂದ ಅವನ ಜತೆಗಾರನಾದ ಒಬ್ಬ ಗೆಳೆಯ ತನಗೆ ರಾಕ್ಷಸನ ಪಾತ್ರವೇ ಬೇಕೆಂದು ಹಟ ಹಿಡಿದ. ನಮ್ಮ ಪುರಾಣದ ರಾಕ್ಷಸ ಆ ಪರದೇಶದ ಆಟದಲ್ಲಿಯೂ ಇದ್ದಾನೆಂದು ನನಗೆ ತಿಳಿದದ್ದು ಅಂದೇ. ೧೯೭೭ರಲ್ಲಿ ಪ್ರಕಟವಾದ ಆ ಆಟದ ಪ್ರಾಣಿಕೋಶದಲ್ಲಿ ಅವನಿಗೆ ಹುಲಿಯ ತಲೆ ಬರೆದು, ಕೈಗೆ ಹೊಗೆಬತ್ತಿಯ ಕೊಳವೆ ಕೊಟ್ಟು ಕೂರಿಸಿದ್ದಾರೆ! ಅವನು ಬೇಕಾದ ರೂಪ ತಾಳಬಲ್ಲ, ಎದುರಿನವರ ಮನಸ್ಸನ್ನು ಓದಬಲ್ಲ, ಸಾಮಾನ್ಯ ಆಯುಧ ಅವನನ್ನು ತಾಕದು. ನಮ್ಮ ಭಾಗವತ ಗೆಳೆಯನ ಮಾತು ಮೀರಲಾರದೆ ಒಪ್ಪಿದ. ಮೂರು ಶನಿವಾರಗಳಲ್ಲಿ ಆಟ ಮುರಿಯಿತು. ರೂಪ ಬದಲಿಸಿ ಕೋಟೆಯೊಳಗೆ ನುಗ್ಗುವವನು ರಾಕ್ಷಸನೇ ಆದಮೇಲೆ ಕಳ್ಳನಿಗೆ ಕೆಲಸವೇನು? ಮನಸ್ಸನ್ನು ಓದುವವನಿದ್ದಾಗ ಮಾಂತ್ರಿಕೆಯ ಜಾಣತನವೇತಕ್ಕೆ? ಗಾಯವೇ ಆಗದವನಿಗೆ ವೈದ್ಯನೇಕೆ? ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ನಾಲ್ಕನೆಯ ವಾರ ಗಾಬರಿಗೊಂಡ ಭಾಗವತ ರಾಕ್ಷಸನ ಶಕ್ತಿಗಳನ್ನೆಲ್ಲ ಒಂದೇ ಏಟಿಗೆ ಕತ್ತರಿಸಿದ. “ಕೊಟ್ಟವನೂ ನೀನೇ, ಕಿತ್ತುಕೊಂಡವನೂ ನೀನೇ,” ಎಂದು ಗೆಳೆಯ ಎದ್ದು ಹೋದ. ಹನ್ನೊಂದು ವರ್ಷದ ಸ್ನೇಹ. ಈಗ ಶಾಲೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ದೊಡ್ಡವರಿಗೆ ಇದು ನಗೆಯ ಮಾತಾಗಬಹುದು. ಹದಿನಾರು ವರ್ಷದವನಿಗೆ ಅಲ್ಲ. ನಾನು ನಗಲಿಲ್ಲವೆಂಬುದೊಂದೇ ಆ ಪ್ರಯಾಣದಲ್ಲಿ ನಾನು ಮಾಡಿದ ಜಾಣ ಕೆಲಸ.

*

ಬಾದಾಮಿಯಲ್ಲಿ ಇಳಿದು ಜನರ ನೂಕುನುಗ್ಗಲಿನಲ್ಲಿ ಬನಶಂಕರಿಗೆ ಬಂದೆವು. ಜಾತ್ರೆಯೆಂದರೆ ಅದು ಜಾತ್ರೆ! ದಾರಿಯುದ್ದಕ್ಕೂ ಎತ್ತಿನ ಗಾಡಿಗಳು, ಟ್ರ್ಯಾಕ್ಟರುಗಳು, ಇಳಕಲ್ಲ ಸೀರೆಯ ಸೆರಗುಗಳು, ಕನ್ನಡಿ ಹೊಲಿದ ಲಂಬಾಣಿ ಹೆಂಗಸರ ಲಂಗಗಳು. ಒಂದು ಬಯಲಿನ ತುಂಬ ಮರದ ಬಾಗಿಲುಗಳೂ ಚೌಕಟ್ಟುಗಳೂ ಸಾಲಾಗಿ ನಿಂತಿದ್ದವು. ಮನೆ ಇಲ್ಲದ ಬಾಗಿಲುಗಳು; ಒಂದರೊಳಗಿನಿಂದ ಇನ್ನೊಂದು, ಅದರೊಳಗಿನಿಂದ ಮತ್ತೊಂದು. ಹೊಸ ಮನೆ ಕಟ್ಟುವ ಸುತ್ತಿನ ಜಿಲ್ಲೆಗಳ ಜನ ಬಾಗಿಲನ್ನು ಈ ಜಾತ್ರೆಯಲ್ಲಿಯೇ ಕೊಳ್ಳುವುದು ವಾಡಿಕೆ. ಹುಡುಗ ಅವುಗಳ ನಡುವೆ ಸುತ್ತಿ ಬಂದು, ನಾಲ್ಕು ವಾರದಲ್ಲಿ ಮೊದಲ ಬಾರಿಗೆ ಇರಬೇಕು, ತುಸು ನಕ್ಕ.

ಗುಡಿಯ ಮುಂದೆ ಹರಿದ್ರಾತೀರ್ಥ. ಸುಮಾರು ೩೬೦ ಅಡಿ ಚೌಕದ ದೊಡ್ಡ ಹೊಂಡ. ಮೂರು ಬದಿಗೆ ಕಲ್ಲಿನ ಮಂಟಪಗಳ ಸಾಲು. ಜಾತ್ರೆಯ ದಿನಗಳಲ್ಲಿ ಈ ನೀರಿನ ಮೇಲೆ ಒಂದು ಅಪರೂಪದ ತೆಪ್ಪೋತ್ಸವ ನಡೆಯುತ್ತದೆ. ಬಾಳೆಯ ದಿಂಡುಗಳನ್ನು ಕಟ್ಟಿ ತೆಪ್ಪ ಮಾಡಿ, ಹರಕೆ ಹೊತ್ತ ತಾಯಂದಿರು ಎಳೆಯ ಕೂಸುಗಳನ್ನು ಅದರ ಮೇಲೆ ಮಲಗಿಸಿ ನೀರಿನಲ್ಲಿ ತೇಲಿಸಿ ತರುತ್ತಾರೆ. ತೆಪ್ಪದ ಸುತ್ತ ಈಜು ಬಲ್ಲ ಗಂಡಸರ ಕೈಗಳಿರುತ್ತವೆ, ನಿಜ. ಆದರೂ ದಡದಲ್ಲಿ ನಿಂತ ತಾಯಿಯ ಮುಖವನ್ನು ಒಮ್ಮೆ ನೋಡಬೇಕು. ನೀರು ಬಲಶಾಲಿ, ಕೂಸು ಎಳೆಯದು. ನಡುವೆ ಇರುವುದು ನಾಲ್ಕು ಬಾಳೆಯ ದಿಂಡು ಮತ್ತು ನಂಬಿಕೆ.

ಇಂದು ನಾವು ಕಾಣುವ ಗುಡಿಯನ್ನು ೧೭೫೦ರಲ್ಲಿ ಮರಾಠಾ ಸರದಾರ ಪರಶುರಾಮ ಆಗಳೆ ಕಟ್ಟಿಸಿದನೆಂದು ಹೇಳುತ್ತಾರೆ. ದೇವಿಯ ಆರಾಧನೆ ಅದಕ್ಕಿಂತ ಎಷ್ಟೋ ಹಿಂದಿನದು. ಚಾಲುಕ್ಯರ ಕುಲದೇವಿ ಈಕೆ. ಗರ್ಭಗುಡಿಯಲ್ಲಿ ಕಪ್ಪು ಶಿಲೆಯ ಅಷ್ಟಭುಜೆ, ಸಿಂಹವಾಹಿನಿ. ಅವಳ ಕಾಲ ಕೆಳಗೆ ಒಬ್ಬ ರಾಕ್ಷಸ. ಹುಡುಗ ಬಹಳ ಹೊತ್ತು ಆ ರಾಕ್ಷಸನನ್ನೇ ನೋಡುತ್ತ ನಿಂತ. ಹಿಂದಿನವರು ನೂಕಿದ ಮೇಲೆ ಹೊರಬಂದೆವು.

ನನಗೆ ಪಾಠ ಹೇಳುವ ಚಪಲ. ಮಂಟಪದ ನೆರಳಿನಲ್ಲಿ ಕುಳಿತೊಡನೆ ಆರಂಭಿಸಿದೆ. ದುರ್ಗಮನೆಂಬ ಅಸುರ ತಪಸ್ಸು ಮಾಡಿ ವೇದಗಳನ್ನೇ ವರವಾಗಿ ಪಡೆದ. ಲೋಕದಲ್ಲಿ ಮಂತ್ರ ಮರೆತುಹೋಯಿತು, ಯಜ್ಞ ನಿಂತಿತು, ನೂರು ವರ್ಷ ಮಳೆಯಿಲ್ಲ. ಆಗ ದೇವಿ ನೂರು ಕಣ್ಣುಗಳಿಂದ ಕಣ್ಣೀರು ಸುರಿಸಿ ನೆಲವನ್ನು ತೋಯಿಸಿದಳು. ತನ್ನ ಮೈಯಿಂದಲೇ ಸೊಪ್ಪು ತರಕಾರಿ ಬೆಳೆದು ಜನರಿಗೆ ಉಣಿಸಿದಳು. ಆಮೇಲೆ ದುರ್ಗಮನನ್ನು ಕೊಂದಳು. ಶಾಕಂಭರಿಯೆಂಬ ಹೆಸರು ಬಂದದ್ದು ಹೀಗೆ. ಹುಣ್ಣಿಮೆಯ ಹಿಂದಿನ ದಿನ ಪಲ್ಯದ ಹಬ್ಬ. ನೂರೆಂಟು ಬಗೆಯ ತರಕಾರಿಯ ಅಡಿಗೆ ನೈವೇದ್ಯ.

“ನೋಡು,” ಎಂದೆ, “ನಮ್ಮ ಪುರಾಣದವರು ಶಕ್ತಿಯನ್ನು ಕೊಟ್ಟೇ ಕೊಡುತ್ತಾರೆ. ಆದರೆ ಪ್ರತಿಯೊಂದು ವರದಲ್ಲಿ ಒಂದು ಬಿರುಕು ಇಡುತ್ತಾರೆ. ಹಿರಣ್ಯಕಶಿಪುವಿಗೆ ಹಗಲಲ್ಲದ ಇರುಳಲ್ಲದ ಹೊತ್ತು. ರಾವಣ ದೇವದಾನವರ ಹೆಸರೆಲ್ಲ ಹೇಳಿ ಮನುಷ್ಯನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇಲ್ಲಿಯೇ ಬಾದಾಮಿಯಲ್ಲಿ ವಾತಾಪಿ, ಇಲ್ವಲ ಎಂಬ ಅಣ್ಣತಮ್ಮಂದಿರಿದ್ದರಂತೆ. ತಮ್ಮ ಕುರಿಯಾಗುವನು, ಅಣ್ಣ ಅವನನ್ನು ಕೊಂದು ಅಡಿಗೆ ಮಾಡಿ ಅತಿಥಿಗೆ ಬಡಿಸುವನು, ಉಂಡಾದ ಮೇಲೆ ಹೆಸರು ಹಿಡಿದು ಕೂಗಿದರೆ ತಮ್ಮ ಹೊಟ್ಟೆ ಸೀಳಿ ಹೊರಬರುವನು. ಇಂಥ ಶಕ್ತಿಗೆ ಎದುರುಂಟೆ? ಆದರೆ ಕೂಗುವುದಕ್ಕೆ ಮುಂಚೆ ಅರಗಿಸಿಕೊಂಡರೆ? ಅಗಸ್ತ್ಯರು ಕಂಡುಹಿಡಿದದ್ದು ಅಷ್ಟೇ ಬಿರುಕು. ಚಾಲುಕ್ಯರೋ ಆ ರಾಕ್ಷಸನ ಹೆಸರಿನ ಊರನ್ನೇ ರಾಜಧಾನಿ ಮಾಡಿಕೊಂಡರು. ಒಂದನೆಯ ಪುಲಕೇಶಿ ವಾತಾಪಿಯ ಬೆಟ್ಟವನ್ನು ಕೋಟೆ ಮಾಡಿದನೆಂದು ಕ್ರಿ. ಶ. ೫೪೩ರ ಬಂಡೆಯ ಶಾಸನವೇ ಸಾರುತ್ತದೆ.”

ಹುಡುಗ ತಲೆಯಾಡಿಸಿದ. ಆದರೆ ಅವನ ತಲೆಯಾಟ ನನಗೆ ತರಗತಿಯ ಕೊನೆಯ ಬೆಂಚನ್ನು ನೆನಪಿಗೆ ತಂದಿತು. “ಬಿರುಕು ಆ ಆಟದಲ್ಲೂ ಇದೆ ಮಾಮಾ. ಆಶೀರ್ವಾದ ಮಾಡಿದ ಬಾಣ ತಾಕಿದರೆ ರಾಕ್ಷಸ ಒಂದೇ ಏಟಿಗೆ ಸಾಯುತ್ತಾನೆ ಎಂದು ಹಳೆಯ ಪುಸ್ತಕದಲ್ಲಿ ಬರೆದಿದೆ. ಅದು ಅವನನ್ನು ಕೊಲ್ಲುವವರಿಗೆ ಉಪಯೋಗ. ಜತೆಯಲ್ಲಿ ಆಡುವವರಿಗೆ ಏನು ಉಪಯೋಗ? ಅವನು ಸಾಯುವವರೆಗೂ ಅವರು ಸುಮ್ಮನೆ ಕೂತಿರಬೇಕೇ?”

ನನ್ನ ಬಳಿ ಉತ್ತರವಿರಲಿಲ್ಲ. ಹಸಿವೆಯಾಗಿದೆ ಎಂದು ಹೇಳಿ ಎದ್ದೆ. ಉತ್ತರವಿಲ್ಲದ ಉಪನ್ಯಾಸಕನಿಗೆ ಗಂಟೆ ಬಾರಿಸುವುದೊಂದೇ ಗತಿ.

*

ಬನಶಂಕರಿಗೆ ಹೋದವರು ರೊಟ್ಟಿಯೂಟ ಮಾಡದೆ ಬಂದರೆ ಯಾತ್ರೆ ಪೂರ್ತಿಯಾಗದು. ಗುಡಿಯ ಬಳಿ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ತಾವಾಗಿ ಬಂದು ಕೂರಿಸಿಕೊಂಡು ಬಡಿಸುತ್ತಾರೆ. ಖಡಕ್ ಜೋಳದ ರೊಟ್ಟಿ, ಕೆಂಪು ಖಾರ, ಕಾಳಿನ ಪಲ್ಯ, ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರು. ನಾವು ಉಣ್ಣುತ್ತಿದ್ದ ಜಾಗಕ್ಕೆ ನಾಲ್ಕು ಮಾರು ದೂರದಲ್ಲಿ ಪಟಗ ಸುತ್ತಿದ ಇಬ್ಬರು ಮುದುಕರು ಕಲ್ಲ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಹುಲಿ–ಕುರಿ ಆಡುತ್ತಿದ್ದರು. ತುದಿಯೊಂದರಿಂದ ಗೋಪುರದಂತೆ ಇಳಿದು ಬಂದ ಗೆರೆಗಳು, ಅಡ್ಡ ಹಾಯ್ದ ಗೆರೆಗಳು, ಅವು ಕೂಡುವ ಇಪ್ಪತ್ತಮೂರು ಮನೆಗಳು. ಮೂರು ಹುಣಸೆ ಬೀಜ ಹುಲಿ; ಹದಿನೈದು ಹರಳು ಕುರಿ. ಹಂಪೆಯ ಮಂಟಪಗಳ ನೆಲದಲ್ಲಿ ಇಂಥ ಗೆರೆಗಳನ್ನು ಕಲ್ಲಿನಲ್ಲಿಯೇ ಕೊರೆದಿರುವುದನ್ನು ಓದುಗರಲ್ಲಿ ಕೆಲವರಾದರೂ ಕಂಡಿರಬಹುದು.

ಹುಡುಗ ಕೈ ತೊಳೆದವನೇ ಅಲ್ಲಿ ಹೋಗಿ ಕುಳಿತ. ನಿಯಮ ಸರಳ. ಹುಲಿ ಪಕ್ಕದ ಕುರಿಯನ್ನು ಹಾರಿ ಆಚೆಯ ಮನೆ ಖಾಲಿಯಿದ್ದರೆ ಕುರಿ ಸತ್ತಿತು. ಕುರಿಗೆ ಕೊಲ್ಲುವ ಶಕ್ತಿಯಿಲ್ಲ. ಅದು ಒಂದೊಂದಾಗಿ ಮನೆಗಿಳಿಯಬೇಕು. ಹದಿನೈದೂ ಇಳಿಯುವವರೆಗೆ ಒಂದೂ ಕದಲುವಂತಿಲ್ಲ. ಆದರೆ ಒತ್ತಾಗಿ ನಿಂತು ಹುಲಿಗೆ ಹೆಜ್ಜೆಯಿಡಲು ಮನೆಯಿಲ್ಲದಂತೆ ಮಾಡಿದರೆ ಕುರಿಗಳೇ ಗೆದ್ದವು.

ಕುರಿ ಹಿಡಿದ ಮುದುಕ ಹೊತ್ತೇ ತೆಗೆದುಕೊಳ್ಳದೆ ಗೆದ್ದ. ಹುಡುಗ ತಡೆಯಲಾರದೆ ಕೇಳಿದ: “ಅಜ್ಜಾ, ಹುಲಿಗೆ ಇಷ್ಟು ಬಲ ಇದೆಯಲ್ಲ, ಅದನ್ನು ಸ್ವಲ್ಪ ಕಡಿಮೆ ಮಾಡಿ ಕುರಿಗಳನ್ನೂ ಕಡಿಮೆ ಮಾಡಿದರೆ ಆಟ ಸುಲಭ ಆಗುವುದಿಲ್ಲವೆ?”

ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ. “ಹುಲಿ ಹಲ್ಲು ಕಿತ್ರ ಅದು ಹುಲಿ ಹ್ಯಾಂಗಾತು ತಮ್ಮಾ? ಬೆಕ್ಕಾತು. ಬೆಕ್ಕಿನ ಕೂಡ ಆಡಾಕ ಯಾವ ಕುರಿ ಬರ್ತೈತಿ?”

ಹುಡುಗ ಸುಮ್ಮನಾದ. ಆಮೇಲೆ ಕೇಳಿದ: “ಹಾಗಾದರೆ ಸಮ ಆಗುವುದು ಹೇಗೆ?”

“ಪಾಳಿಯಿಂದ,” ಎಂದ ಮುದುಕ. “ಹುಲಿ ಒಂದು ಹೆಜ್ಜಿ, ಕುರಿ ಒಂದು ಹೆಜ್ಜಿ. ಹುಲಿ ಐತೆಂತ ಎರಡು ಹೆಜ್ಜಿ ಕೊಟ್ಟೇವೇನು?”

ನಾನು ಹತ್ತು ನಿಮಿಷ ಪುರಾಣ ಹೇಳಿ ಮುಟ್ಟಿಸಲಾರದ್ದನ್ನು ಆ ಮುದುಕ ಎರಡು ಮಾತಿನಲ್ಲಿ ಮುಟ್ಟಿಸಿದ. ಬಲ ಬೇರೆ, ಪಾಳಿ ಬೇರೆ. ಹುಲಿಗೂ ಕುರಿಗೂ ಬಲದಲ್ಲಿ ಸಾಮ್ಯವಿಲ್ಲ, ಇರಬೇಕಾದ್ದೂ ಇಲ್ಲ. ಸಾಮ್ಯವಿರುವುದು ಸರದಿಯಲ್ಲಿ. ಕುರಿಯ ಹೆಜ್ಜೆಯೂ ಹುಲಿಯ ಹೆಜ್ಜೆಯಷ್ಟೇ ಆಟವನ್ನು ತಿರುಗಿಸಬಲ್ಲುದೆಂಬುದರಲ್ಲಿ.

ನೇಪಾಳದಲ್ಲಿ ಇದಕ್ಕೆ ‘ಬಾಘ್ ಚಾಲ್’ ಎಂದು ಹೆಸರು. ಅಲ್ಲಿ ನಾಲ್ಕು ಹುಲಿ, ಇಪ್ಪತ್ತು ಆಡು, ಇಪ್ಪತ್ತೈದು ಮನೆ. ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್‌ಗೆಲ್ಟ್ ಎಂಬಿಬ್ಬರು ಗಣಕಯಂತ್ರದಿಂದ ಅದರ ಕೋಟ್ಯಂತರ ಸ್ಥಿತಿಗಳನ್ನು ಲೆಕ್ಕ ಹಾಕಿಸಿ, ಎರಡು ಕಡೆಯವರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ ಎಂದು ತೋರಿಸಿದರು. ಅವರ ಲೇಖನ ೨೦೦೯ರಲ್ಲಿ ಅಚ್ಚಾದ ಒಂದು ಸಂಪುಟದಲ್ಲಿದೆ. ಹೆಸರೇ ಇಲ್ಲದ ಯಾವನೋ ದನಗಾಹಿ ಗೆರೆಯೆಳೆದು ಹರಳಿಟ್ಟು, ಹುಲಿಗೆ ಎಷ್ಟು ಕುರಿ ಬೇಕೆಂಬುದನ್ನು ಯಂತ್ರವೂ ಒಪ್ಪುವಂತೆ ಅಳೆದಿದ್ದನಲ್ಲ ಎಂದು ಬೆರಗಾಗುತ್ತದೆ.

*

ಆದರೆ ನನ್ನ ಅಳಿಯ ಸುಲಭಕ್ಕೆ ಒಪ್ಪುವವನಲ್ಲ. ಸಂಜೆ ತೇರಿನ ಹಗ್ಗ ಹಿಡಿಯಲು ಜನ ಸೇರುತ್ತಿದ್ದಾಗ, ಹೊಂಡದ ಮೆಟ್ಟಿಲ ಮೇಲೆ ಕುಳಿತು ತನ್ನ ಆಟದ ಚರಿತ್ರೆಯನ್ನು ಹೇಳಿದ. ನಾನು ಕೇಳುವವನಾದೆ, ಅದು ನನಗೆ ಒಳ್ಳೆಯದೇ ಆಯಿತು.

೧೯೭೪ರ ಮೊದಲ ಪುಸ್ತಿಕೆಗಳಲ್ಲಿ ಆಟಗಾರ ಏನು ಬೇಕಾದರೂ ಆಗಬಹುದು, ಆದರೆ ಎಳೆಯದಾಗಿ ಆರಂಭಿಸಿ ಕ್ರಮೇಣ ಬೆಳೆಯಬೇಕು ಎಂದಿತ್ತಂತೆ. ಘಟಸರ್ಪವಾಗಬೇಕೆನ್ನುವವನು ಮರಿಯಾಗಿಯೇ ಹುಟ್ಟಬೇಕು. ೧೯೭೯ರಲ್ಲಿ ಅದೇ ಗೈಗ್ಯಾಕ್ಸ್ ಮಹಾಶಯರು ಮನಸ್ಸು ಬದಲಾಯಿಸಿ, ದೈತ್ಯಪಾತ್ರ ಬೇಡುವವರು ಹೆಚ್ಚಾಗಿ ಅಧಿಕಾರದ ಆಸೆಯವರು, ಉತ್ತೇಜನ ಕೊಡಬೇಡಿರಿ ಎಂದು ಬರೆದರು. ಮುಂದೆ ೨೦೦೦ದಲ್ಲಿ ಬಂದ ಮೂರನೆಯ ಆವೃತ್ತಿಯವರು ಲೆಕ್ಕದ ದಾರಿ ಹಿಡಿದರು. ೨೦೦೩ರಲ್ಲಿ ಅದಕ್ಕೆಂದೇ ಒಂದು ದೊಡ್ಡ ಗ್ರಂಥ ಹೊರಟಿತು. ರಾಕ್ಷಸನಿಗೆ ಅವನ ಸಹಜ ಬಲಕ್ಕೆ ಏಳು ಮೆಟ್ಟಿಲು, ಅವನ ಮಾಯಾಶಕ್ತಿಗಳಿಗೆ ದಂಡವಾಗಿ ಮತ್ತೆ ಏಳು ಮೆಟ್ಟಿಲು, ಒಟ್ಟು ಹದಿನಾಲ್ಕು. ಆದ್ದರಿಂದ ಹದಿನಾಲ್ಕನೆಯ ಮೆಟ್ಟಿಲೇರಿದ ಮನುಷ್ಯರ ಜತೆಯಲ್ಲಿ ಮಾತ್ರ ಅವನು ನಿಲ್ಲಬೇಕು.

“ಅದು ಸರಿಯಾಗಿಯೇ ಇದೆಯಲ್ಲ?” ಎಂದೆ.

“ಇಲ್ಲ ಮಾಮಾ. ಮನುಷ್ಯನಿಗೆ ಹದಿನಾಲ್ಕು ಮೆಟ್ಟಿಲಿನ ಆಯುಸ್ಸು, ರಾಕ್ಷಸನಿಗೆ ಏಳರದ್ದೇ. ಅಲ್ಲಿಯ ಶತ್ರು ಹೊಡೆದರೆ ಮೊದಲು ಬೀಳುವವನು ಅವನೇ. ಕಾಗದದ ಮೇಲೆ ಲೆಕ್ಕ ಸಮ. ಆಟದಲ್ಲಿ ಹುಲಿ ಬೆಕ್ಕು.” ಮುದುಕನ ಮಾತು ಆಗಲೇ ಅವನದಾಗಿತ್ತು. ೨೦೧೪ರ ಐದನೆಯ ಆವೃತ್ತಿಯಲ್ಲಿ ಈ ದಂಡದ ಲೆಕ್ಕವನ್ನೇ ಬಿಟ್ಟರಂತೆ. ೨೦೧೬ರ ಒಂದು ಪುಸ್ತಕ ಕೆಲವು ದೈತ್ಯಜಾತಿಗಳಿಗೆ ಬಾಗಿಲು ತೆರೆಯಿತು. ಆದರೆ ಎಲ್ಲರ ಬಲವನ್ನೂ ಮನುಷ್ಯನ ಅಳತೆಗೆ ಕತ್ತರಿಸಿ.

“ಇನ್ನೊಂದು,” ಎಂದ ಹುಡುಗ. “ಹುಲಿ ಕುರಿಗೆ ವೈರಿ. ಅಲ್ಲಿ ಪಾಳಿ ಎರಡೇ. ನಮ್ಮಲ್ಲಿ ರಾಕ್ಷಸ ಸಂಗಡಿಗ. ಒಂದೇ ಕಡೆಯವರಲ್ಲಿ ಒಬ್ಬ ಹುಲಿ, ನಾಲ್ವರು ಕುರಿಗಳಿದ್ದರೆ?”

ಇದೀಗ ನಿಜವಾದ ಪ್ರಶ್ನೆ. ನಮ್ಮ ಕಾವ್ಯಗಳಲ್ಲಿ ಇದಕ್ಕೆ ಉದಾಹರಣೆ ಇಲ್ಲದಿದ್ದರೆ ನಾನು ಕನ್ನಡ ಎಂ. ಎ. ಮಾಡಿ ಏನು ಪ್ರಯೋಜನ? ಪಾಂಡವರ ಕಡೆಯಲ್ಲೇ ಒಬ್ಬ ರಾಕ್ಷಸನಿದ್ದನಲ್ಲ! ಹಿಡಿಂಬೆಯ ಮಗ ಘಟೋತ್ಕಚ. ಮಾಯಾಯುದ್ಧದಲ್ಲಿ ಅವನಿಗೆ ಸಮರಿಲ್ಲ. ಇರುಳಾದರೆ ಬಲ ಇಮ್ಮಡಿ. ಅವನೊಬ್ಬನೇ ಸಾಕಾಗಿದ್ದರೆ ಭೀಮಾರ್ಜುನರಿಗೆ ಕೆಲಸವೇನು? ವ್ಯಾಸರು ಎಷ್ಟು ಎಚ್ಚರದಿಂದ ಅವನನ್ನು ನಡೆಸಿದ್ದಾರೆ ನೋಡಿರಿ. ಅವನು ಸದಾ ಜತೆಯಲ್ಲಿರುವುದಿಲ್ಲ, ನೆನೆದಾಗ ಬರುತ್ತಾನೆ. ವನವಾಸದಲ್ಲಿ ದ್ರೌಪದಿ ನಡೆಯಲಾರದೆ ಕುಸಿದಾಗ ಬಂದು ಅವಳನ್ನು ಹೊತ್ತು ಬೆಟ್ಟ ದಾಟಿಸುತ್ತಾನೆ. ಅದು ಬೇರೆ ಯಾರಿಂದಲೂ ಆಗದ ಕೆಲಸ. ಆದರೆ ಅದೇ ಬೆಟ್ಟದ ಮೇಲೆ ದ್ರೌಪದಿ ಸೌಗಂಧಿಕಾ ಪುಷ್ಪವನ್ನು ಬಯಸಿದಾಗ ಹಾರಿಹೋಗಿ ತರಬಲ್ಲ ಮಗನಿದ್ದರೂ ಹೊರಟವನು ಭೀಮ. ಅದು ಭೀಮನ ಪಾಳಿ. ಕೊನೆಗೆ ಇರುಳು ಯುದ್ಧದಲ್ಲಿ ಕೌರವಸೇನೆ ತತ್ತರಿಸಿದಾಗ ಕರ್ಣ ಅರ್ಜುನನಿಗೆಂದು ಕಾದಿಟ್ಟಿದ್ದ ಶಕ್ತ್ಯಾಯುಧವನ್ನು ಇವನ ಮೇಲೆ ಬಿಡಬೇಕಾಗುತ್ತದೆ. ಒಮ್ಮೆ ಮಾತ್ರ ಬಿಡಬಹುದಾದ ಆಯುಧ. ಘಟೋತ್ಕಚ ಸತ್ತ; ಅರ್ಜುನ ಉಳಿದ.

ನಾಗಚಂದ್ರನೂ ಇದನ್ನೇ ಬೇರೊಂದು ರೀತಿಯಲ್ಲಿ ಬಲ್ಲ. ಅವನ ರಾಮಾಯಣದ ರಾವಣ ಮಹಾಪರಾಕ್ರಮಿ. ಆದರೆ ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತ ಹೊತ್ತವನು. ಬಲವನ್ನು ಕವಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಬಲಶಾಲಿಗೆ ಕಾಯಬೇಕಾದ ಒಂದು ಮಾತನ್ನು ಕೊಟ್ಟ. ಆ ಮಾತಿನಿಂದಲೇ ಅವನು ನಮ್ಮ ಮರುಕಕ್ಕೆ ಪಾತ್ರನಾದ. ಈ ಜಿಲ್ಲೆಯ ಮುಧೋಳದಲ್ಲಿ ಹುಟ್ಟಿದ ರನ್ನ ತನ್ನ ಗದಾಯುದ್ಧದಲ್ಲಿ ವೈರಿಯಾದ ದುರ್ಯೋಧನನಿಗೂ ಮನಬಿಚ್ಚಿ ಅಳುವ ಪಾಳಿಯನ್ನು ಕೊಟ್ಟದ್ದರಿಂದಲೇ ಅಲ್ಲವೇ, ಸಾವಿರ ವರ್ಷವಾದರೂ ನಾವು ಅದನ್ನು ಓದುತ್ತಿರುವುದು?

ಇದನ್ನು ಹೇಳುತ್ತಿರುವಾಗಲೇ ನನಗೆ ನನ್ನ ಒಂದು ತಪ್ಪು ನೆನಪಾಯಿತು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಯಾವ ಪ್ರಶ್ನೆ ಕೇಳಿದರೂ ಮೊದಲು ಉತ್ತರ ಅವನದೇ. ಉಳಿದವರು ಬಾಯಿ ತೆರೆಯುವುದನ್ನೇ ಬಿಟ್ಟಿದ್ದರು. ಒಂದು ದಿನ ಬೇಸತ್ತು, “ನೀನು ಇನ್ನು ಮಾತನಾಡಬೇಡ” ಎಂದುಬಿಟ್ಟೆ. ಅವನು ಮತ್ತೆ ವರ್ಷವಿಡೀ ಮಾತನಾಡಲಿಲ್ಲ. ಉಳಿದವರೂ ಮಾತನಾಡಲಿಲ್ಲ. ತರಗತಿ ಶಾಂತವಾಯಿತು, ನಾನು ಅದನ್ನು ಶಿಸ್ತೆಂದು ತಿಳಿದೆ. ಹುಲಿಯ ಹಲ್ಲು ಕಿತ್ತದ್ದರಿಂದ ಕುರಿಗಳಿಗೆ ಧೈರ್ಯ ಬರಲಿಲ್ಲವೆಂಬುದು ಹೊಂಡದ ಮೆಟ್ಟಿಲ ಮೇಲೆ ಕುಳಿತಾಗ ನನಗೆ ಹೊಳೆಯಿತು. ಅವನಿಗೆ ಕಠಿನವಾದ ಬೇರೊಂದು ಕೆಲಸ ಕೊಟ್ಟು, ಉಳಿದವರಿಗೆ ಅವರವರ ಪಾಳಿಯನ್ನು ನಾನು ಕೊಡಬೇಕಾಗಿತ್ತು. ಇದನ್ನು ಅಳಿಯನಿಗೆ ಹೇಳಿದೆ. ಅವನು ನನ್ನನ್ನು ಮೊದಲ ಬಾರಿಗೆ ತನ್ನ ವಯಸ್ಸಿನವನೆಂಬಂತೆ ನೋಡಿದ.

*

ತೇರು ಎಳೆದಾದ ಮೇಲೆ ನಾಟಕದ ಥಿಯೇಟರುಗಳ ದೀಪ ಹೊತ್ತಿದವು. ಬನಶಂಕರಿಯ ಜಾತ್ರೆಯೆಂದರೆ ವೃತ್ತಿನಾಟಕ ಕಂಪನಿಗಳ ಸುಗ್ಗಿ. ತಗಡಿನ ಗೋಡೆಯ ಥಿಯೇಟರುಗಳು ಒಂದರ ಪಕ್ಕ ಒಂದು. ವಾರಗಟ್ಟಲೆ, ದಿನಕ್ಕೆ ಹಲವು ಆಟ. ಧ್ವನಿವರ್ಧಕಗಳ ಕೂಗಾಟದಲ್ಲಿ ಯಾವ ನಾಟಕಕ್ಕೆ ಹೋಗಬೇಕೆಂಬುದೇ ತಿಳಿಯದು. ನಾವು ಹೊಕ್ಕ ಥಿಯೇಟರಿನಲ್ಲಿ ಹಾಸ್ಯಪಾತ್ರಧಾರಿಯದೇ ರಾಜ್ಯ. ಅವನು ಕೆಮ್ಮಿದರೂ ಜನ ನಗುತ್ತಾರೆ. ಅವನು ರಂಗದ ಮೇಲಿದ್ದಷ್ಟು ಹೊತ್ತು ನಾಯಕ ಗೋಡೆಯ ಚಿತ್ರ. ಆದರೆ ಗಮನಿಸಿ ನೋಡಿದರೆ, ತಾಯಿಯ ಪಾತ್ರದ ನಟಿ ಬಂದು ನಿಂತೊಡನೆ ಅವನು ಏನೋ ಒಂದು ನೆವ ಹೇಳಿ ಒಳಗೆ ಸರಿದುಬಿಡುತ್ತಿದ್ದ. ಆಕೆ ಅತ್ತಳು, ಥಿಯೇಟರಿಗೆ ಥಿಯೇಟರೇ ಕಣ್ಣೊರೆಸಿಕೊಂಡಿತು. ಆಮೇಲೆ ಅವನು ಬಂದ, ಮತ್ತೆ ನಗೆ.

“ಅವನಾಗಿಯೇ ಹೋಗುತ್ತಾನೆ, ನೋಡಿದಿರಾ?” ಎಂದು ಅಳಿಯ ನನ್ನ ಕಿವಿಯಲ್ಲಿ ಹೇಳಿದ. “ಯಾರೂ ಅವನನ್ನು ತಳ್ಳಲಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ನಾನು ಅವನನ್ನೇ ಕೇಳಬೇಕಾಗಿತ್ತು. ಶಕ್ತಿ ಕಿತ್ತುಕೊಳ್ಳುವ ಬದಲು, ಇವರಿಗೂ ಆಟ ಬೇಕಲ್ಲ, ಏನು ಮಾಡೋಣ ಹೇಳು ಎಂದು,” ಎಂದ. ನಾಟಕದ ಮುಂದಿನ ಅಂಕವನ್ನು ಅವನು ನೋಡಲಿಲ್ಲವೆಂದು ತೋರುತ್ತದೆ. ಕತ್ತಲಲ್ಲಿ ದೂರವಾಣಿಯ ಬೆಳಕು ಅವನ ಮುಖದ ಮೇಲೆ ಬಿದ್ದಿತ್ತು. ಏನೋ ಬರೆಯುತ್ತಿದ್ದ, ಅಳಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ಯಾರಿಗೆಂದು ನಾನು ಕೇಳಲಿಲ್ಲ.

ಹೊರಬಂದಾಗ ಹುಣ್ಣಿಮೆಯ ಚಂದ್ರ ನೆತ್ತಿಯ ಮೇಲಿದ್ದ. ಹೊಂಡದ ನೀರು ಬೆಳ್ಳಿಯಾಗಿತ್ತು. ಮಂಟಪದ ಕಲ್ಲ ಮೇಲೆ ಇದ್ದಿಲಿನ ಗೆರೆಗಳು ಜನರ ಕಾಲ್ತುಳಿತಕ್ಕೆ ಅರ್ಧ ಅಳಿಸಿಹೋಗಿದ್ದವು. ಒಂದು ಹುಣಸೆ ಬೀಜ ಮಾತ್ರ ಉಳಿದಿತ್ತು. ಹುಡುಗ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಯುಗಾದಿಯ ಹೊತ್ತಿಗೆ ಅವನ ಪತ್ರ ಬಂತು. ನಿಜವಾದ ಕಾಗದದ ಪತ್ರ. ಗೆಳೆಯ ಎರಡು ವಾರ ಉತ್ತರ ಬರೆಯಲಿಲ್ಲವಂತೆ. ಮೂರನೆಯ ವಾರ ಬಾಗಿಲು ತಟ್ಟಿದನಂತೆ. ಇಬ್ಬರೂ ಕೂತು ರಾಕ್ಷಸನನ್ನು ಹೊಸದಾಗಿ ಕಟ್ಟಿದರು. ಮಾಯಾಶಕ್ತಿಗಳೆಲ್ಲ ಇವೆ, ಆದರೆ ಇರುಳಿನಲ್ಲಿ ಮಾತ್ರ. ಹಗಲಿನಲ್ಲಿ ಅವನು ಬಳಲಿದ ಒಬ್ಬ ದಾರಿಗ. ಆಗ ಅವನನ್ನು ಕಾಪಾಡುವ ಹೊಣೆ ವೈದ್ಯನದು. ಸಂಗಡಿಗರ ಮನಸ್ಸನ್ನು ಓದೆನೆಂದು ಅವನದೊಂದು ವ್ರತ; ಆ ವ್ರತ ಗೆಳೆಯನೇ ಸೂಚಿಸಿದ್ದು. ಮೇಜಿನ ಮೇಲೆ ಒಂದು ಹುಣಸೆ ಬೀಜ. ಅದು ಯಾರ ಮುಂದಿರುತ್ತದೆಯೋ ಅವರದೇ ಪಾಳಿ, ಉಳಿದವರು ಕಾಯಬೇಕು. ಎಲ್ಲರೂ ಮರಳಿ ಬಂದರು.

ಪತ್ರದ ಕೊನೆಯಲ್ಲಿ ಹೀಗೆ ಬರೆದಿದ್ದ: “ಹೋದ ಶನಿವಾರ ರಾಕ್ಷಸ ಸತ್ತ, ಮಾಮಾ. ಹಗಲಿನಲ್ಲಿಯೇ, ಕಳ್ಳನನ್ನು ಉಳಿಸಲು ಹೋಗಿ. ಯಾರೂ ಅವನಿಗೆ ಹೇಳಿರಲಿಲ್ಲ. ಅಂದು ಎಲ್ಲರೂ ಬೇಗ ಮನೆಗೆ ಹೋದರು. ಅವನು ಮಾತ್ರ ನಮ್ಮಲ್ಲೇ ಊಟಕ್ಕೆ ಉಳಿದ.”